ಜನರ ಮುಂದಿನ ಅಳುಕು: ಉದ್ಯೋಗದ ಪರಿಚಯಗಳಿಗೆ ಅಡ್ಡವಾಗುವ ಭಯವನ್ನು ದಾಟುವ ಬಗೆ



ಶ್ರೀಮಠದ ಆವರಣದಲ್ಲಿ ನಡೆದ ಉಚಿತ ಆರೋಗ್ಯ ತಪಾಸಣಾ ಶಿಬಿರವೊಂದಕ್ಕೆ ರಕ್ತದೊತ್ತಡದ ಪರೀಕ್ಷೆಗೆಂದು ಬಂದ ತಾಯಿಯೊಬ್ಬರು, ಪರೀಕ್ಷೆ ಮುಗಿದ ಮೇಲೂ ಕುರ್ಚಿಯಿಂದ ಏಳಲಿಲ್ಲ. ಅವರ ಚಿಂತೆ ಬೇರೆಯೇ ಇತ್ತು. ಮಗ ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷಗಳಾಗಿದ್ದವು. ಅಂಕಗಳು ಚೆನ್ನಾಗಿದ್ದವು. ಸೋದರಮಾವ ದಾವಣಗೆರೆಯ ಗುತ್ತಿಗೆದಾರರೊಬ್ಬರ ಫೋನ್ ನಂಬರು ಕೊಟ್ಟು, ಒಮ್ಮೆ ಮಾತನಾಡು ಎಂದು ಹೇಳಿ ಎಂಟು ತಿಂಗಳು ಕಳೆದಿದ್ದವು. ಮಗ ಇನ್ನೂ ಕರೆ ಮಾಡಿರಲಿಲ್ಲ. ಊರಿನವರು ಅವನನ್ನು ಸೋಮಾರಿ ಎನ್ನುತ್ತಿದ್ದರು. ಬಂಧುಗಳು ಸೊಕ್ಕಿನವನು ಎನ್ನುತ್ತಿದ್ದರು. ತಂದೆ ಅವನೊಡನೆ ಮಾತು ಬಿಟ್ಟಿದ್ದರು.

ಮಧ್ಯಾಹ್ನ ಆ ಯುವಕ ಬಂದು ನಮ್ಮೆದುರು ಕುಳಿತ. ಬಹಳ ಹೊತ್ತಿನ ಮೇಲೆ ತನ್ನ ಫೋನನ್ನು ತೆಗೆದು ತೋರಿಸಿದ. ಗುತ್ತಿಗೆದಾರರಿಗೆ ಕಳುಹಿಸಬೇಕೆಂದು ಬರೆದ ಸಂದೇಶ ಅದರಲ್ಲಿತ್ತು. ಎಷ್ಟೋ ಸಂಜೆ ಅದನ್ನು ಬರೆದು, ಅಳಿಸಿ, ಮತ್ತೆ ಬರೆದಿದ್ದ, ಕಳುಹಿಸಿರಲಿಲ್ಲ. "ಸಾರ್, ದುಡಿಯೋಕೆ ನನಗೆ ಹೆದರಿಕೆ ಇಲ್ಲ. ಕೇಳೋಕೆ ಹೆದರಿಕೆ" ಎಂದ. ಅವನ ಒಪ್ಪಿಗೆ ಪಡೆದು, ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿ ಈ ಸಂಗತಿಯನ್ನು ಇಲ್ಲಿ ಹೇಳುತ್ತಿದ್ದೇವೆ. ಇಂತಹ ಮಗನೋ ಮಗಳೋ ನಮ್ಮ ಅನೇಕ ಮನೆಗಳಲ್ಲಿ ಇದ್ದಾರೆ. ಅವರು ಸೋಮಾರಿಗಳೂ ಅಲ್ಲ, ಸೊಕ್ಕಿನವರೂ ಅಲ್ಲ. ಅವರನ್ನು ಕಾಡುತ್ತಿರುವುದು ಭಯ. ಆ ಭಯಕ್ಕೆ ಪರಿಹಾರವೂ ಇದೆ.

ಸಂಕೋಚ ಬೇರೆ, ವ್ಯಾಧಿ ಬೇರೆ

ಹೊಸಬರ ಮುಂದೆ ಸ್ವಲ್ಪ ಸಂಕೋಚಪಡುವುದು ಮನುಷ್ಯ ಸಹಜ ಗುಣ. ಅದು ದೋಷವಲ್ಲ. ಮಿತಭಾಷಿಯಾಗಿದ್ದೂ ಸಂದರ್ಭ ಬಂದಾಗ ಆಡಬೇಕಾದ ಮಾತನ್ನು ಆಡಬಲ್ಲವರಿಗೆ ಯಾವ ಚಿಕಿತ್ಸೆಯೂ ಬೇಕಿಲ್ಲ. ಆದರೆ ನಾಲ್ಕು ಜನರು ನನ್ನನ್ನು ಗಮನಿಸುತ್ತಾರೆ, ತೂಗಿ ನೋಡುತ್ತಾರೆ, ನಕ್ಕುಬಿಡುತ್ತಾರೆ ಎಂಬ ಭಯ ತಿಂಗಳುಗಟ್ಟಲೆ ಉಳಿದು, ಓದು, ಕೆಲಸ, ಸಂಬಂಧಗಳಿಗೆ ಅಡ್ಡ ಬಂದರೆ ಅದನ್ನು ವೈದ್ಯರು ಸಾಮಾಜಿಕ ಆತಂಕದ ಕಾಯಿಲೆ ಎಂದು ಗುರುತಿಸುತ್ತಾರೆ. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಪ್ರಕಟಿಸಿದ ರೋಗನಿರ್ಣಯದ ಕೈಪಿಡಿಯಲ್ಲಿ ಇದಕ್ಕೆ ಮೊದಲ ಬಾರಿಗೆ ಪ್ರತ್ಯೇಕ ಸ್ಥಾನ ದೊರೆಯಿತು. ಈಗಿನ ಕೈಪಿಡಿಯ ಪ್ರಕಾರ ಇಂತಹ ಭಯ ಸಾಮಾನ್ಯವಾಗಿ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಇದ್ದಿರಬೇಕು.

ಇದು ಹೆಚ್ಚಾಗಿ ಹದಿಹರೆಯದಲ್ಲಿ ಆರಂಭವಾಗುತ್ತದೆ. ತರಗತಿಯಲ್ಲಿ ಉತ್ತರ ತಿಳಿದಿದ್ದರೂ ಕೈ ಎತ್ತದ ಹುಡುಗ, ಮದುವೆಮನೆಯಲ್ಲಿ ಅಡುಗೆಮನೆಯ ಮೂಲೆ ಹುಡುಕುವ ಹುಡುಗಿ, ದೊಡ್ಡವರಾದ ಮೇಲೆ ಸಂದರ್ಶನಕ್ಕೆ ಹೋಗದೆ ಹೊಟ್ಟೆನೋವಿನ ನೆಪ ಹೇಳುತ್ತಾರೆ. ಆ ಹೊಟ್ಟೆನೋವು ಕೆಲವೊಮ್ಮೆ ನಿಜವೇ ಆಗಿರುತ್ತದೆ. ಅಪಾಯವಿದೆ ಎಂದು ಮಿದುಳು ಭಾವಿಸಿದಾಗ ದೇಹದಲ್ಲಿ ಅಡ್ರಿನಲಿನ್ ಎಂಬ ರಸದೂತ ಹೆಚ್ಚಾಗಿ ಸ್ರವಿಸುತ್ತದೆ. ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ, ಹೊಟ್ಟೆ ತೊಳಸುತ್ತದೆ. ಹುಲಿಯಿಂದ ಓಡಿ ಪಾರಾಗಲು ದೇಹ ಮಾಡಿಕೊಳ್ಳುವ ಸಿದ್ಧತೆಯಿದು. ಎದುರಿಗೆ ಇರುವವರು ಹುಲಿಯಲ್ಲ, ಚಹಾ ಕುಡಿಯುತ್ತಿರುವ ಒಬ್ಬ ಅಧಿಕಾರಿ ಎಂಬುದು ದೇಹಕ್ಕೆ ತಿಳಿಯುವುದಿಲ್ಲ.

ಭಯ ಉಳಿದುಕೊಳ್ಳುವ ಬಗೆ

ಎಷ್ಟೋ ಸಲ ಜನರ ನಡುವೆ ಹೋಗಿ ಬಂದರೂ ಈ ಭಯ ಏಕೆ ಕರಗುವುದಿಲ್ಲ? ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಇದಕ್ಕೆ ಒಂದು ವಿವರಣೆಯನ್ನು ನೀಡಿದರು. ಇಂದಿನ ಚಿಕಿತ್ಸೆಗೆ ಅದು ಒಂದು ಮುಖ್ಯ ಆಧಾರ. ಅದರ ಸಾರವನ್ನು ಮೂರು ಮಾತುಗಳಲ್ಲಿ ಹೇಳಬಹುದು.

ಮೊದಲನೆಯದು, ಗಮನವೆಲ್ಲ ಒಳಮುಖವಾಗುವುದು. ಎದುರಿನವರು ಏನು ಹೇಳುತ್ತಿದ್ದಾರೆ ಎಂಬುದನ್ನು ಬಿಟ್ಟು, ನನ್ನ ಧ್ವನಿ ನಡುಗುತ್ತಿದೆಯೇ, ಮುಖ ಕೆಂಪಾಯಿತೇ ಎಂಬುದನ್ನೇ ಮನಸ್ಸು ಕಾವಲು ಕಾಯುತ್ತದೆ. ಎರಡನೆಯದು, ರಕ್ಷಣೆಯ ನಡವಳಿಕೆಗಳು. ಕಣ್ಣು ತಪ್ಪಿಸುವುದು, ಫೋನ್ ನೋಡುತ್ತ ನಿಲ್ಲುವುದು, ವಾಕ್ಯವನ್ನು ಮನದಲ್ಲಿ ಹತ್ತು ಸಲ ಒಪ್ಪಮಾಡಿ ಆಡುವುದು, ಬಾಗಿಲ ಬಳಿಯೇ ಕೂರುವುದು. ಇವು ಆ ಕ್ಷಣಕ್ಕೆ ಆಸರೆಯಂತೆ ತೋರಿದರೂ, ಆ ಆಸರೆಯಿಂದಲೇ ಪಾರಾದೆ ಎಂಬ ತಪ್ಪು ನಂಬಿಕೆಯನ್ನು ಬೆಳೆಸುತ್ತವೆ. ಮೂರನೆಯದು, ಮನೆಗೆ ಬಂದ ಮೇಲೆ ನಡೆಯುವ ವಿಚಾರಣೆ. ಆಡಿದ ಪ್ರತಿಯೊಂದು ಮಾತನ್ನೂ ಕೆದಕಿ ತನ್ನನ್ನೇ ಅಪರಾಧಿಯಾಗಿಸುವ ಈ ಅಭ್ಯಾಸ ಮುಂದಿನ ಭೇಟಿಯ ಭಯಕ್ಕೆ ಬೀಜವಾಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಬಲೆ, ಹೋಗದೆಯೇ ಉಳಿಯುವುದು. ಕರೆ ಮಾಡದೆ ಬಿಟ್ಟ ಕ್ಷಣದಲ್ಲಿ ಎಂಥ ನೆಮ್ಮದಿ! ಆದರೆ ತಪ್ಪಿಸಿಕೊಂಡರೆ ಸುಖ ಎಂಬ ಪಾಠವನ್ನು ಆ ನೆಮ್ಮದಿಯೇ ಮಿದುಳಿಗೆ ಕಲಿಸುತ್ತದೆ. ಹೀಗಾಗಿ ಭಯ ಹೋದ ಮೇಲೆ ಕರೆ ಮಾಡುತ್ತೇನೆ ಎಂದು ಕಾಯುವವರ ಭಯ ಎಂದೂ ಹೋಗುವುದಿಲ್ಲ. ಕರೆ ಮಾಡುತ್ತ ಮಾಡುತ್ತಲೇ ಅದು ಇಳಿಯಬೇಕು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಜನ ನಿಜಕ್ಕೂ ನಮ್ಮನ್ನು ಅಷ್ಟು ಗಮನಿಸುತ್ತಾರೆಯೇ?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ತೊಡಲು ನಾಚಿಕೆಯೆನಿಸುವಂತಹ, ಗಾಯಕರೊಬ್ಬರ ಚಿತ್ರವಿದ್ದ ಅಂಗಿಯನ್ನು ವಿದ್ಯಾರ್ಥಿಗೆ ತೊಡಿಸಿ, ಇತರರು ಕುಳಿತಿದ್ದ ಕೋಣೆಗೆ ಕಳುಹಿಸಿದರು. ಸುಮಾರು ಅರ್ಧದಷ್ಟು ಜನ ತಮ್ಮ ಅಂಗಿಯನ್ನು ಗಮನಿಸಿರುತ್ತಾರೆ ಎಂದು ತೊಟ್ಟವರು ಊಹಿಸಿದರು. ನಿಜವಾಗಿ ಗಮನಿಸಿದವರು ಸುಮಾರು ಕಾಲುಭಾಗ ಮಾತ್ರ. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಅಪರಿಚಿತರಿಬ್ಬರು ಮಾತನಾಡಿದ ಬಳಿಕ, ಎದುರಿನವರು ತಮ್ಮನ್ನು ಎಷ್ಟು ಮೆಚ್ಚಿದರು ಎಂಬುದನ್ನು ಜನ ವಾಸ್ತವಕ್ಕಿಂತ ಕಡಿಮೆಯೆಂದೇ ಅಂದಾಜು ಮಾಡುತ್ತಾರೆ ಎಂಬುದು ಕಂಡುಬಂತು. ನಮ್ಮ ನಡುಕ ನಮಗೆ ಗುಡುಗಿನಂತೆ ಕೇಳಿಸುತ್ತದೆ. ಪಕ್ಕದವರಿಗೆ ಅದು ಕೇಳಿಸಿರುವುದೇ ಇಲ್ಲ.

ಪರಿಚಯ ಕೇಳುವುದು ವಶೀಲಿಯಲ್ಲ

ನಮ್ಮ ಯುವಕರನ್ನು ತಡೆಯುವ ಇನ್ನೊಂದು ಭಾವನೆಯಿದೆ. ಪ್ರಾಮಾಣಿಕನಾದವನು ಯಾರ ಬಾಗಿಲಿಗೂ ಹೋಗಬಾರದು, ಅರ್ಹತೆಯಿದ್ದರೆ ಕೆಲಸ ತಾನಾಗಿ ಬರುತ್ತದೆ ಎಂಬ ಸ್ವಾಭಿಮಾನ. ಈ ಸ್ವಾಭಿಮಾನವನ್ನು ನಾವು ಗೌರವಿಸುತ್ತೇವೆ. ಆದರೆ ಅರ್ಹನಲ್ಲದವನು ಪ್ರಭಾವದಿಂದ ಸ್ಥಾನ ಪಡೆಯುವುದು ವಶೀಲಿ. ಎಲ್ಲಿ ಯಾವ ಕೆಲಸವಿದೆ, ಅದಕ್ಕೆ ಏನು ಕಲಿತಿರಬೇಕು ಎಂದು ಬಲ್ಲವರನ್ನು ಕೇಳುವುದು ವಿಚಾರಣೆ. ಬಿತ್ತನೆಗೆ ಮುಂಚೆ ಅನುಭವಿ ರೈತನನ್ನು ಕೇಳುವುದರಲ್ಲಿ ಯಾವ ಕೀಳರಿಮೆಯೂ ಇಲ್ಲವಷ್ಟೆ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೊಂದರಲ್ಲಿ, ಅಮೆರಿಕದ ಬಾಸ್ಟನ್ ನಗರದ ಸಮೀಪದಲ್ಲಿ ಪರಿಚಿತರ ಮೂಲಕ ಕೆಲಸ ಪಡೆದವರನ್ನು ವಿಚಾರಿಸಿದ ಫಲಿತಾಂಶವಿದೆ. ಸುದ್ದಿ ಕೊಟ್ಟ ವ್ಯಕ್ತಿಯನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ಶೇ. 17ರಷ್ಟು ಮಾತ್ರ, ಉಳಿದವರಿಗೆ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಅಥವಾ ಬಹಳ ಅಪರೂಪಕ್ಕೆ ಕಾಣುತ್ತಿದ್ದವರಿಂದ. ಕಾರಣ ಸರಳ. ಆಪ್ತರಿಗೆ ತಿಳಿದದ್ದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ. ಹೊಸ ಸುದ್ದಿ ಇರುವುದು ದೂರದ ಪರಿಚಯದವರಲ್ಲಿ. 2003ರಲ್ಲಿ ಸಾರ್ವಜನಿಕರಿಗೆ ತೆರೆದ ಲಿಂಕ್ಡ್‌ಇನ್ ಎಂಬ ಉದ್ಯೋಗ ಸಂಪರ್ಕದ ಜಾಲತಾಣದ ಸುಮಾರು 2 ಕೋಟಿ ಬಳಕೆದಾರರನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಅಧ್ಯಯನವೂ, ಕೆಲಸ ಬದಲಿಸಲು ಅತಿ ಆಪ್ತರಿಗಿಂತ ಸಾಧಾರಣ ಪರಿಚಯದವರೇ ಹೆಚ್ಚು ನೆರವಾಗುತ್ತಾರೆಂದು ತೋರಿಸಿತು. ಸಾಮಾಜಿಕ ಆತಂಕ ಇರುವವರು ಕಳೆದುಕೊಳ್ಳುವುದು ಈ ದೂರದ ಪರಿಚಯಗಳನ್ನೇ. ಮನೆಯವರೊಡನೆ, ಒಬ್ಬಿಬ್ಬರು ಗೆಳೆಯರೊಡನೆ ಅವರು ಸಲೀಸಾಗಿ ಮಾತನಾಡಬಲ್ಲರು. ಹೊರಗಿನ ಪ್ರಪಂಚದ ಬಾಗಿಲು ಮಾತ್ರ ಮುಚ್ಚಿರುತ್ತದೆ.

ಮೆಟ್ಟಿಲು ಮೆಟ್ಟಿಲಾಗಿ

ಈಜು ಕಲಿಯಲು ನೀರಿಗೆ ಇಳಿಯಲೇಬೇಕು, ನಿಜ. ಆದರೆ ಮೊದಲ ದಿನವೇ ತುಂಬಿದ ಬಾವಿಗೆ ನೂಕಬಾರದು. ಭಯಪಡಿಸುವ ಸಂದರ್ಭಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ಏರುವ ವಿಧಾನ ಮನೋಚಿಕಿತ್ಸೆಯಲ್ಲಿ ದಶಕಗಳಿಂದ ಬಳಕೆಯಲ್ಲಿದೆ. ಒಂದು ನೋಟ್‌ಬುಕ್ ತೆಗೆದುಕೊಂಡು, ಪ್ರತಿಯೊಂದು ಸಂದರ್ಭಕ್ಕೂ 0ಯಿಂದ 100ರವರೆಗೆ ಭಯದ ಅಂಕ ಕೊಡಬೇಕು. ನಮ್ಮ ಯುವಕ ಬರೆದುಕೊಂಡ ಪಟ್ಟಿ ಹೀಗಿತ್ತು.

1. ಮಠದ ದಾಸೋಹದಲ್ಲಿ ಬಡಿಸುತ್ತ, ಪಂಕ್ತಿಯಲ್ಲಿ ಕುಳಿತವರನ್ನು "ಇನ್ನಷ್ಟು ಸಾರು ಬೇಕೇ?" ಎಂದು ಮುಖ ನೋಡಿ ಕೇಳುವುದು: 20.
2. ಸಿಮೆಂಟ್ ಅಂಗಡಿಯಲ್ಲಿ ದರ ವಿಚಾರಿಸಿ, ಏನೂ ಕೊಳ್ಳದೆ, ಧನ್ಯವಾದ ಹೇಳಿ ಬರುವುದು: 35.
3. ಕೆಲಸಕ್ಕೆ ಸೇರಿರುವ ಸಹಪಾಠಿಗೆ ಸಂದೇಶ ಕಳುಹಿಸುವುದು: 45.
4. ಅದೇ ಸಹಪಾಠಿಗೆ ಕರೆ ಮಾಡಿ ಹತ್ತು ನಿಮಿಷ ಮಾತನಾಡುವುದು: 55.
5. ಪರಿಚಯವಿಲ್ಲದ ಹಿರಿಯ ಇಂಜಿನಿಯರ್ ಒಬ್ಬರಿಗೆ ಜಾಲತಾಣದಲ್ಲಿ ಪ್ರಶ್ನೆ ಬರೆಯುವುದು: 65.
6. ಕಾರ್ಯಾಗಾರವೊಂದರಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳುವುದು: 80.
7. ಗುತ್ತಿಗೆದಾರರಿಗೆ ಕರೆ ಮಾಡುವುದು: 90.

ಪ್ರತಿ ಮೆಟ್ಟಿಲಿಗೂ ನಾಲ್ಕು ನಿಯಮಗಳು. ಮೊದಲು, ಏನು ಕೆಟ್ಟದ್ದು ಆಗಬಹುದೆಂದು ಹೆದರಿದ್ದೇನೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಎರಡನೆಯದಾಗಿ, ರಕ್ಷಣೆಯ ನಡವಳಿಕೆಗಳಲ್ಲಿ ಒಂದನ್ನಾದರೂ ಬಿಟ್ಟು ಆ ಕೆಲಸ ಮಾಡಬೇಕು. ಮೂರನೆಯದಾಗಿ, ಎದೆ ಬಡಿದುಕೊಂಡರೂ ನಡುವೆ ಓಡದೆ ಕೊನೆಯವರೆಗೂ ನಿಲ್ಲಬೇಕು. ನಾಲ್ಕನೆಯದಾಗಿ, ನಿಜವಾಗಿ ಏನಾಯಿತೆಂದು ಬರೆದು ಮೊದಲ ವಾಕ್ಯದೊಡನೆ ಹೋಲಿಸಬೇಕು. ಭಯದ ಅಂಕ ಸಾಕಷ್ಟು ಇಳಿಯುವವರೆಗೆ ಅದೇ ಮೆಟ್ಟಿಲನ್ನು ಹಲವು ದಿನ ಮತ್ತೆ ಮತ್ತೆ ಏರಬೇಕು. ಒಮ್ಮೆ ಜಾರಿದರೆ ಕೆಳಗಿನ ಮೆಟ್ಟಿಲಿಗೆ ಇಳಿದು ಪುನಃ ಏರಬಹುದು. ಅದು ಸೋಲಲ್ಲ.

ಜಾಲತಾಣದಲ್ಲಿ ಪರಿಚಯ

ಮುಖ ಕಾಣದ, ಯೋಚಿಸಿ ಬರೆಯಲು ಸಮಯವಿರುವ ಜಾಲತಾಣ ಅಳುಕಿನವರಿಗೆ ಒಳ್ಳೆಯ ಆರಂಭ. ತಮ್ಮ ಪುಟದಲ್ಲಿ ಸ್ಪಷ್ಟವಾದ ಭಾವಚಿತ್ರ, ಓದಿದ್ದು, ಮಾಡಬಲ್ಲ ಕೆಲಸ, ಮಾಡಿ ತೋರಿಸಿದ ಒಂದೆರಡು ಕೆಲಸಗಳ ವಿವರ ಇದ್ದರೆ ಸಾಕು. ಆಡಂಬರ ಬೇಡ, ಸುಳ್ಳಂತೂ ಬೇಡವೇ ಬೇಡ.

ಅಪರಿಚಿತರಿಗೆ ಬರೆಯುವ ಮೊದಲ ಸಂದೇಶ ನಾಲ್ಕು ವಾಕ್ಯ ಮೀರಬಾರದು. ನಾನು ಯಾರು, ನಿಮ್ಮನ್ನೇ ಏಕೆ ಕೇಳುತ್ತಿದ್ದೇನೆ, ನನ್ನ ಒಂದು ಪ್ರಶ್ನೆ, ಕೊನೆಗೆ ವಂದನೆ. ಉದಾಹರಣೆಗೆ: "ನಮಸ್ಕಾರ ಸರ್. ನಾನು ಸಿವಿಲ್ ಇಂಜಿನಿಯರಿಂಗ್ ಪದವೀಧರ. ಸೇತುವೆ ಕಾಮಗಾರಿಯಲ್ಲಿ ನಿಮಗಿರುವ ಅನುಭವವನ್ನು ನಿಮ್ಮ ಪುಟದಲ್ಲಿ ಓದಿದೆ. ಈ ಕ್ಷೇತ್ರಕ್ಕೆ ಹೊಸದಾಗಿ ಬರುವವರು ಮೊದಲು ಯಾವ ಸಾಫ್ಟ್‌ವೇರ್ ಕಲಿಯುವುದು ಒಳ್ಳೆಯದೆಂದು ತಿಳಿಸಿದರೆ ಉಪಕಾರವಾಗುತ್ತದೆ. ಬಿಡುವಾದಾಗ ಉತ್ತರಿಸಿದರೆ ಸಾಕು, ವಂದನೆಗಳು." ಕೆಲಸ ಕೊಡಿ ಎಂಬ ಮಾತು ಇಲ್ಲಿಲ್ಲ. ಕೆಲಸವನ್ನು ಕೊಡುವುದು ಎಲ್ಲರ ಕೈಯಲ್ಲಿಲ್ಲ. ಒಂದು ಪ್ರಶ್ನೆಗೆ ಉತ್ತರಿಸುವುದು ಎಲ್ಲರ ಕೈಯಲ್ಲೂ ಇದೆ.

ಇಂತಹ ಸಂದೇಶವನ್ನು ಎರಡು ಸಲ ಓದಿ ಕಳುಹಿಸಬೇಕು. ಮೂರನೆಯ ಸಲ ತಿದ್ದಲು ಕೂರಬಾರದು. ಉತ್ತರ ಬರದಿದ್ದರೆ ಅದನ್ನು ತಿರಸ್ಕಾರವೆಂದು ಓದಬಾರದು. ಅವರು ಪ್ರವಾಸದಲ್ಲಿರಬಹುದು, ಸಂದೇಶ ಕಾಣದೇ ಇರಬಹುದು. ಒಂದು ವಾರದ ಬಳಿಕ ವಿನಯದಿಂದ ಒಮ್ಮೆ ನೆನಪಿಸಿ, ಬಳಿಕ ಬೇರೊಬ್ಬರನ್ನು ಕೇಳಬೇಕು. ಉತ್ತರ ಕೊಟ್ಟವರಿಗೆ, ಅವರ ಸಲಹೆಯನ್ನು ಪಾಲಿಸಿ ಏನಾಯಿತೆಂದು ತಿಂಗಳ ನಂತರ ತಿಳಿಸಬೇಕು. ಪರಿಚಯ ಗಟ್ಟಿಯಾಗುವುದು ಕೇಳಿದಾಗ ಅಲ್ಲ. ಕೇಳಿದ್ದನ್ನು ಪಾಲಿಸಿದೆವೆಂದು ತಿಳಿಸಿದಾಗ.

ಎರಡು ಎಚ್ಚರಿಕೆಗಳು. ಕೆಲಸ ಕೊಡಿಸಲು ಮುಂಗಡ ಹಣ, ಬ್ಯಾಂಕ್ ವಿವರ ಅಥವಾ ಒಟಿಪಿ ಕೇಳುವವರು ವಂಚಕರು; ಹಣ ಕಳೆದುಕೊಂಡರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು. ಹೊಸ ಪರಿಚಯದವರನ್ನು, ಮುಖ್ಯವಾಗಿ ಹೆಣ್ಣುಮಕ್ಕಳು, ಕಚೇರಿಯಲ್ಲೋ ಜನರಿರುವ ಸ್ಥಳದಲ್ಲೋ ಮಾತ್ರ, ಮನೆಯವರಿಗೆ ತಿಳಿಸಿ ಭೇಟಿಯಾಗಬೇಕು. ಎರಡನೆಯ ಎಚ್ಚರಿಕೆ ನಮ್ಮ ಬಗೆಗೆ ನಮಗೇ ಬೇಕಾದದ್ದು. ಸಂದೇಶಗಳ ಹಿಂದೆ ಅಡಗಿ ಕುಳಿತರೆ ಜಾಲತಾಣವೂ ಒಂದು ರಕ್ಷಣೆಯ ನಡವಳಿಕೆಯೇ ಆಗಿಬಿಡುತ್ತದೆ. ಸಂದೇಶದಿಂದ ಕರೆಗೆ, ಕರೆಯಿಂದ ಭೇಟಿಗೆ ಏರುತ್ತಲೇ ಇರಬೇಕು.

ಎದುರೆದುರು ಭೇಟಿಯಾದಾಗ

ಸಭೆ, ಕಾರ್ಯಾಗಾರ, ಉದ್ಯೋಗ ಮೇಳಗಳಿಗೆ ಹತ್ತು ಹದಿನೈದು ನಿಮಿಷ ಮುಂಚೆ ಹೋಗುವುದು ಒಳ್ಳೆಯದು. ತುಂಬಿದ ಸಭೆಗೆ ಕಾಲಿಡುವುದಕ್ಕಿಂತ, ಆಗಲೇ ಬಂದಿರುವ ಇಬ್ಬರು ಮೂವರೊಡನೆ ಮಾತು ಆರಂಭಿಸುವುದು ಸುಲಭ. ಎಲ್ಲರನ್ನೂ ಮಾತನಾಡಿಸಬೇಕೆಂಬ ಗುರಿ ಬೇಡ, ಇಬ್ಬರು ಸಾಕು. "ನೀವು ಯಾವ ಊರಿನಿಂದ ಬಂದಿರಿ?", "ಈಗ ಯಾವ ಕೆಲಸ ನೋಡಿಕೊಳ್ಳುತ್ತಿದ್ದೀರಿ?" ಎಂಬ ಎರಡು ಪ್ರಶ್ನೆಗಳು ಕನ್ನಡನಾಡಿನಲ್ಲಿ ಯಾವ ಬಾಗಿಲನ್ನಾದರೂ ತೆರೆಯುತ್ತವೆ.

ಎದೆ ಬಡಿತ ಹೆಚ್ಚಿದಾಗ ಉಸಿರನ್ನು ನಿಧಾನವಾಗಿ ಹೊರಬಿಡಿ. ಬಳಿಕ ಗಮನವನ್ನು ಹೊರಕ್ಕೆ ತಿರುಗಿಸಿ. ಅವರ ಧ್ವನಿ ಹೇಗಿದೆ, ಯಾವ ವಿಷಯ ಬಂದಾಗ ಅವರ ಮುಖ ಅರಳುತ್ತದೆ ಎಂಬುದನ್ನು ನೋಡಿ. ಕೇಳುವವನಿಗೆ ಹೆದರಲು ಬಿಡುವಿರುವುದಿಲ್ಲ. ಮಾತಿನ ನಡುವೆ ಮೌನ ಬಂದರೆ ಅದನ್ನು ತುಂಬುವ ಹೊಣೆ ನಮ್ಮೊಬ್ಬರದೇ ಅಲ್ಲ.

ಇಂಗ್ಲಿಷ್ ಬಾರದೆಂಬ ಕೊರಗು ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕರನ್ನು ಕುಗ್ಗಿಸುತ್ತದೆ. ತಮ್ಮ ಕೆಲಸದ ಬಗ್ಗೆ ಐದಾರು ಇಂಗ್ಲಿಷ್ ವಾಕ್ಯಗಳನ್ನು ಚೆನ್ನಾಗಿ ರೂಢಿಸಿಕೊಂಡು, ಮುಂದಿನದನ್ನು ಕನ್ನಡದಲ್ಲಿ ಹೇಳಬಹುದೇ ಎಂದು ಕೇಳುವುದರಲ್ಲಿ ಅವಮಾನವಿಲ್ಲ. ಧೈರ್ಯಕ್ಕೆಂದು ಮದ್ಯವನ್ನು ಸೇವಿಸುವುದು ಮಾತ್ರ ಖಂಡಿತ ಸಲ್ಲದು. ಸಾಮಾಜಿಕ ಆತಂಕವಿರುವವರು ಮದ್ಯವ್ಯಸನಕ್ಕೆ ಜಾರುವ ಅಪಾಯ ಹೆಚ್ಚೆಂಬುದು ವೈದ್ಯರಿಗೆ ತಿಳಿದ ವಿಷಯ. ಮನೆಗೆ ಬಂದ ಮೇಲೆ, ಹೊಸದಾಗಿ ತಿಳಿದ ಒಂದು ಸಂಗತಿ ಮತ್ತು ಮುಂದೆ ಮಾಡಬೇಕಾದ ಒಂದು ಕೆಲಸ, ಇವೆರಡನ್ನೇ ಬರೆದು ನೋಟ್‌ಬುಕ್ ಮುಚ್ಚಬೇಕು. ವಿಚಾರಣೆ ನಡೆಸಬಾರದು.

ಮನೆಯವರಲ್ಲಿ ಒಂದು ವಿನಂತಿ

ಮಗನ ಪರವಾಗಿ ತಾವೇ ಕರೆ ಮಾಡುವುದು, ಮಗಳನ್ನು ಕೇಳಿದ ಪ್ರಶ್ನೆಗೆ ತಾವೇ ಉತ್ತರಿಸುವುದು ಪ್ರೀತಿಯೇ ಆದರೂ ಅದು ಭಯಕ್ಕೆ ನೀರೆರೆಯುತ್ತದೆ. ಅಣ್ಣತಮ್ಮಂದಿರೊಡನೆ, ನೆರೆಮನೆಯ ಮಕ್ಕಳೊಡನೆ ಹೋಲಿಸಿ ಹಂಗಿಸುವುದು ಅದಕ್ಕೆ ಗೊಬ್ಬರ ಹಾಕಿದಂತೆ. ಬಂಧುಗಳ ಮುಂದೆ ನಿಲ್ಲಿಸಿ 'ಏನಾದರೂ ಮಾತನಾಡು' ಎಂದು ಬಲವಂತ ಮಾಡುವುದೂ ಬೇಡ. ಏರಿದ ಮೆಟ್ಟಿಲನ್ನು ಗುರುತಿಸಿ ಎರಡು ಒಳ್ಳೆಯ ಮಾತು ಆಡಿದರೆ ಸಾಕು. ಫಲವನ್ನಲ್ಲ, ಪ್ರಯತ್ನವನ್ನು ಮೆಚ್ಚಬೇಕು.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ಮೇಲಿನ ಪ್ರಯತ್ನಗಳನ್ನು ಆರಂಭಿಸುವುದೇ ಅಸಾಧ್ಯವೆನಿಸಿದರೆ, ಓದು ಅಥವಾ ಕೆಲಸ ನಿಂತುಹೋಗಿದ್ದರೆ, ನಿದ್ರೆ ಊಟಗಳಲ್ಲಿ ಆಸಕ್ತಿ ಕಳೆದು ಮನಸ್ಸು ಕುಸಿದಿದ್ದರೆ ಮನೋವೈದ್ಯರನ್ನು ಕಾಣಬೇಕು. ಆಲೋಚನೆ ಮತ್ತು ನಡವಳಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ ಈ ಕಾಯಿಲೆಗೆ ಬಹಳ ಪರಿಣಾಮಕಾರಿ. ಅಗತ್ಯವಿದ್ದವರಿಗೆ ಮಾತ್ರೆಗಳೂ ಉಂಟು. ಅವು ಕೆಲಸ ಮಾಡಲು ಕೆಲವು ವಾರಗಳು ಬೇಕಾಗುತ್ತವೆ ಮತ್ತು ವೈದ್ಯರು ಹೇಳದೆ ಅವನ್ನು ನಿಲ್ಲಿಸಬಾರದು. ವೇದಿಕೆಯ ನಡುಕಕ್ಕೆ ಒಳ್ಳೆಯದೆಂದು ಗೆಳೆಯರು ಹೇಳುವ ಪ್ರೊಪ್ರನಲಾಲ್ ಮಾತ್ರೆ ಅಸ್ತಮಾ ಇರುವವರಿಗೆ ಅಪಾಯಕಾರಿ. ತಾವಾಗಿಯೇ ಕೊಂಡು ನುಂಗಬಾರದು.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿಯೂ, ಜಿಲ್ಲಾ ಆಸ್ಪತ್ರೆಗಳ ಮಾನಸಿಕ ಆರೋಗ್ಯ ವಿಭಾಗಗಳಲ್ಲಿಯೂ ಚಿಕಿತ್ಸೆ ದೊರೆಯುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕು ಸಾಕೆಂಬ ಯೋಚನೆ ಬಂದವರು ಒಂದು ಕ್ಷಣವೂ ತಡಮಾಡದೆ ಈ ಸಂಖ್ಯೆಗೆ ಕರೆ ಮಾಡಬೇಕು, ಮನೆಯವರಿಗೆ ತಿಳಿಸಬೇಕು. ಕರೆ ಮಾಡುವುದೇ ಕಷ್ಟವಾದ ಕಾಯಿಲೆಯಿದು. ಹಾಗಾಗಿ ಮೊದಲ ಬಾರಿಗೆ ಮನೆಯವರು ಪಕ್ಕದಲ್ಲಿ ಕುಳಿತಿದ್ದರೆ ತಪ್ಪಿಲ್ಲ.

ಮತ್ತೆ ಆ ಯುವಕ

ಆರಂಭದಲ್ಲಿ ಹೇಳಿದ ಯುವಕ ಸುಮಾರು ಐದು ತಿಂಗಳು ಈ ಮೆಟ್ಟಿಲುಗಳನ್ನು ಏರಿದ. ಜಾಲತಾಣದಲ್ಲಿ ಅವನು ಬರೆದ ಮೊದಲ ಮೂವರು ಉತ್ತರಿಸಲಿಲ್ಲ. ನಾಲ್ಕನೆಯವರು ಎರಡೇ ಸಾಲು ಬರೆದರು. ಆ ಎರಡು ಸಾಲು ಅವನಿಗೆ ಸಾಕಾಯಿತು. ಕಾರ್ಯಾಗಾರದಲ್ಲಿ ಪ್ರಶ್ನೆ ಕೇಳಲು ಎದ್ದಾಗ ಧ್ವನಿ ನಡುಗಿತು, ಯಾರೂ ನಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಗುತ್ತಿಗೆದಾರರಿಗೆ ಕರೆ ಮಾಡಿದ. "ಎಷ್ಟು ದಿನ ಮಾಡ್ದೆಯಪ್ಪಾ, ನಿಮ್ಮ ಮಾವ ಹೇಳಿ ವರ್ಷ ಆಯ್ತಲ್ಲ" ಎಂದರಂತೆ ಅವರು. ಅವರಲ್ಲಿ ಆಗ ಕೆಲಸವಿರಲಿಲ್ಲ. ಆದರೆ ಹರಿಹರದಲ್ಲಿ ಕಾಮಗಾರಿ ನಡೆಸುತ್ತಿದ್ದ ಪರಿಚಿತರೊಬ್ಬರ ಹೆಸರನ್ನು ಹೇಳಿದರು. ಇಂದು ಅವನು ಅಲ್ಲಿ ಸೈಟ್ ಮೇಲ್ವಿಚಾರಕ.

ಭಯ ಪೂರ್ತಿ ಹೋಯಿತೇ ಎಂದು ಕೇಳಿದೆವು. ಇಲ್ಲ ಎಂದು ನಕ್ಕ. ಹೊಸಬರಿಗೆ ಕರೆ ಮಾಡುವಾಗ ಈಗಲೂ ಎದೆ ಬಡಿದುಕೊಳ್ಳುತ್ತದೆಯಂತೆ. ಬಡಿದುಕೊಳ್ಳುತ್ತಿರುವಾಗಲೇ ಕರೆಯ ಗುಂಡಿ ಒತ್ತುತ್ತಾನಂತೆ. ತಂದೆ ಈಗ ಸಂಜೆ ಫೋನ್ ಮಾಡಿ, ಊಟ ಆಯಿತೇ ಎಂದು ಕೇಳುತ್ತಾರೆ.

ನಿಮ್ಮ ಮನೆಯಲ್ಲಿಯೂ ಕಳುಹಿಸದ ಸಂದೇಶವೊಂದು ಫೋನಿನಲ್ಲಿ ಕಾದಿರಬಹುದು. ಇಂದು ಸಂಜೆ ಮೊದಲ ಮೆಟ್ಟಿಲು ಯಾವುದೆಂದು ಬರೆದುಕೊಳ್ಳಿ. ನಾಳೆ ಅದನ್ನು ಏರಿ.